ಟ್ಯಾಬಿನೊಳಗೆ ಅರಳುತ್ತಿದ್ದ ಹೂವು

ಶಾಲೆಯ ಗೇಟಿನಿಂದ ಬಸ್ಸು ನಿಲ್ಲುವ ಅರಳಿಕಟ್ಟೆಯವರೆಗೂ ರಸ್ತೆಯ ಒಂದು ಪಕ್ಕಕ್ಕೆ ಮೆಕ್ಕೆಜೋಳ ಹರವಿದ್ದರು. ಹಿಂದಿನ ಸಂಜೆ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂದು ಹೋಗಿತ್ತು. ತಾಡಪಾಲು ಹೊದಿಸಿದ್ದರೂ ಅಡಿಯ ಕಾಳು ನೆಂದಿತ್ತು. ಬೆಳಗಿನ ಬಿಸಿಲು ಬಿದ್ದೊಡನೆ ತಾಡಪಾಲು ತೆಗೆದು ಹೆಂಗಸರು ಕಾಲಿನಲ್ಲೇ ಸಾಲು ಎಳೆಯುತ್ತಿದ್ದರು. ನೆಂದ ಜೋಳ ಬಿಸಿಲಿಗೆ ಬೆಚ್ಚಗಾಗುವಾಗ ಒಂದು ವಾಸನೆ ಏಳುತ್ತದೆ. ಮೊದಲು ಸಿಹಿ, ಹಿಂದೆಯೇ ಸ್ವಲ್ಪ ಹುಳಿ. ಮೊಮ್ಮಗಳ ಪೋಷಕರ ಸಭೆಗೆಂದು ಬಂದು ಮೊಪೆಡ್ ನಿಲ್ಲಿಸಿದವನು ಆ ವಾಸನೆಗೆ ಗೇಟಿನ ಹೊರಗೇ ನಿಂತುಬಿಟ್ಟೆ. ಈ ಗೇಟಿನ ಬೀಗದ ಕೈ ಬಹಳ ವರ್ಷ ನನ್ನ ಸೊಂಟದಲ್ಲಿತ್ತು. ಆದರೆ ನೆನಪಾದದ್ದು ಅಷ್ಟೂ ವರ್ಷಗಳಲ್ಲ. ಒಂದೇ ವರ್ಷ, ಆ ವರ್ಷದ ಜೋಳದ ಸುಗ್ಗಿ.

ನಾನು ಇಲ್ಲಿ ಜವಾನನಾಗಿದ್ದೆ. ಸವಳಂಗದ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಊರು ನಮ್ಮದು. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಗಣಿತಕ್ಕೆ ಮತ್ತೊಂದು ಸಲ ಕೂತು ಪಾಸಾದದ್ದು. ಗಂಟೆ ಹೊಡೆಯುವುದು, ಕೋಣೆ ತೆರೆಯುವುದು, ನೀರು ತುಂಬಿಸುವುದು, ನ್ಯಾಮತಿಯ ಕಚೇರಿಗೆ ಕಾಗದ ಮುಟ್ಟಿಸುವುದು ನನ್ನ ಕೆಲಸ. ಆಗ ನ್ಯಾಮತಿ ಹೊಸದಾಗಿ ತಾಲ್ಲೂಕಾಗಿತ್ತು. ಕಚೇರಿಗಳ ಬೋರ್ಡಿನ ಬಣ್ಣ ಇನ್ನೂ ಆರಿರಲಿಲ್ಲ. ಆ ಜೂನಿನಲ್ಲಿ ಶಾಲೆಗೆ ಮೇಲಿನಿಂದ ಒಂದು ಟ್ಯಾಬು ಬಂತು. ಇನ್ನು ಮೇಲೆ ಮಕ್ಕಳ ಹಾಜರಿ, ಕಿರುಪರೀಕ್ಷೆಯ ಅಂಕ, ಮೇಷ್ಟ್ರುಗಳ ರಜೆ, ಎಲ್ಲವೂ ಅದರಲ್ಲೇ ಎಂದರು.

ಅದನ್ನು ಯಾರು ಹಿಡಿಯಬೇಕು ಎಂಬುದೇ ಮೊದಲ ತಕರಾರಾಯಿತು. ಗುಮಾಸ್ತರ ಹುದ್ದೆ ಖಾಲಿ ಇತ್ತು. ಹೆಡ್ಮೇಡಂ ಸುಮಿತ್ರಮ್ಮನವರು ದಿನವೂ ಹೊನ್ನಾಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು, ಬಂದವರಿಗೆ ಉಸಿರಾಡಲೂ ಪುರಸೊತ್ತಿಲ್ಲ. ಮೇಷ್ಟ್ರುಗಳು ಪಾಠ ಮಾಡಬೇಕೋ ಪರದೆ ಒತ್ತುತ್ತಾ ಕೂರಬೇಕೋ ಎಂದು ತಿರುಗಿ ಕೇಳಿದರು. ಆಗ ಗಣಿತದ ಬಸವರಾಜ ಮೇಷ್ಟ್ರು ಬಾಯಿ ಹಾಕಿದರು. ಜಗಳೂರು ಕಡೆಯವರು. ಕಪ್ಪಗೆ, ತೆಳ್ಳಗೆ, ಮಾತಿನಲ್ಲಿ ಯಾವಾಗಲೂ ಒಂದು ಚಿವುಟು.

"ಹಾಲಪ್ಪಾರಿಗೆ ಕೊಡ್ರಿ ಮೇಡಂ. ಬೆಳಿಗ್ಗೆ ಎದ್ದ ಕೂಡ್ಲೆ ವಾಟ್ಸಾಪಿನಾಗೆ ಊರಿಗೆಲ್ಲಾ ಗುಡ್ ಮಾರ್ನಿಂಗ್ ಕಳ್ಸೋರು ಅವರೊಬ್ರೇ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಟ್ಯಾಬು ಕೈಗೆ ಬಂದಾಗ ನಗು ನಿಂತಿತು. ಅದರ ಕಪ್ಪು ಚೀಲ, ಹೊಸ ಪ್ಲಾಸ್ಟಿಕ್ಕಿನ ವಾಸನೆ, ಮುಟ್ಟಿದೊಡನೆ ಕಣ್ಣುಬಿಡುವ ಬೆಳಕು. ಅಷ್ಟು ವರ್ಷ ನನ್ನ ಕೈಗೆ ಬಂದದ್ದು ಕಸಪೊರಕೆ, ಗಂಟೆಯ ಕೋಲು, ಚಹಾದ ಕೆಟಲು. ಮನೆಯಲ್ಲಿ ಹೆಂಡತಿಗೆ ತೋರಿಸಲೆಂದು ಒಂದು ಸಂಜೆ ಒಯ್ದೆ ಕೂಡ. ಅವಳು ಕೈ ಒರೆಸಿಕೊಂಡು ದೂರದಿಂದಲೇ ನೋಡಿ, "ಕೆಟ್ಟರೆ ನಿಮ್ ಮೈಮೇಲೆ ಬರ್ತೈತೆ, ಮೊದ್ಲು ಶಾಲಿಗೆ ಇಟ್ಟು ಬರ್ರಿ" ಎಂದಳು.

ಕೆಲಸ ಹೀಗಿತ್ತು. ಮೊದಲ ಪಿರಿಯಡ್ಡಿನಲ್ಲಿ ನಾನು ಕ್ಲಾಸು ಕ್ಲಾಸಿಗೂ ಹೋಗುತ್ತಿದ್ದೆ. ಯಾರು ಬಂದಿಲ್ಲ ಎಂದು ಮೇಷ್ಟ್ರು ಬಾಯಲ್ಲಿ ಹೇಳುತ್ತಿದ್ದರು. ಅದನ್ನು ನೆನಪಿಟ್ಟುಕೊಂಡು ನೀರಿನ ಟ್ಯಾಂಕಿನ ಮೆಟ್ಟಿಲ ಹತ್ತಿರ ಹೋಗಿ ನಿಲ್ಲಬೇಕು, ನೆಟ್ಟು ಅಲ್ಲಿಯೇ ಸಿಗುತ್ತಿದ್ದದ್ದು. ಪರದೆಯ ಮೇಲೆ ಮಕ್ಕಳ ಹೆಸರು ಸಾಲಾಗಿ ಬರುತ್ತಿತ್ತು. ಮೇಲ್ಗಡೆ 'ಎಲ್ಲರೂ ಹಾಜರು' ಎಂಬ ಒಂದು ಗುಂಡಿ. ಅದನ್ನೊತ್ತಿದರೆ ಎಲ್ಲ ಹೆಸರೂ ಒಮ್ಮೆಗೇ ಹಸಿರಾಗುತ್ತಿದ್ದವು. ಆಮೇಲೆ ಬಾರದವರನ್ನು ಒಬ್ಬೊಬ್ಬರನ್ನಾಗಿ ಮುಟ್ಟಿ ಹಸಿರು ತೆಗೆದು, ಹಾಜರಿಯನ್ನು ಮೇಲಕ್ಕೆ ಕಳಿಸಬೇಕು.

ಪದೇ ಪದೇ ತಪ್ಪಿಸುವ ಮಗುವಿನ ಹೆಸರು ತನ್ನಷ್ಟಕ್ಕೆ ಹಳದಿಗೆ ತಿರುಗುತ್ತಿತ್ತು. ಇನ್ನೂ ಬರದಿದ್ದರೆ ಕೆಂಪು. ಕೆಂಪು ಬಿದ್ದರೆ ಮೇಡಂ ಫೋನಿಗೂ ಮೇಲಿನ ಕಚೇರಿಗಳಿಗೂ ಸುದ್ದಿ ಹೋಗುತ್ತಿತ್ತು: ಮೇಷ್ಟ್ರು ಆ ಮಗುವಿನ ಮನೆಗೆ ಹೋಗಿ ಬರಬೇಕು, ಹೋಗಿ ಬಂದದ್ದನ್ನು ತಿಳಿಸಬೇಕು. ನನಗೆ ಇದು ತಲೆಗೆ ಹತ್ತಿಕೊಂಡಿತು. ಯಾರೋ ಎಲ್ಲೋ ಕೂತು ನಮ್ಮ ಊರಿನ ಮಕ್ಕಳ ಹೆಸರನ್ನು ನೋಡುತ್ತಿದ್ದಾರಲ್ಲ, ಅವರು ಎಂಥವರು? ಕನ್ನಡಕ ಹಾಕುತ್ತಾರೋ? ಊಟಕ್ಕೆ ಎದ್ದು ಹೋದಾಗ ಯಾರು ನೋಡುತ್ತಾರೆ? ಒಂದು ದಿನ ತಡೆಯಲಾರದೆ ಬಸವರಾಜ ಮೇಷ್ಟ್ರನ್ನೇ ಕೇಳಿದೆ.

"ಅತ್ತ ಕಡೆ ಇದನ್ನ ಯಾರ್ ನೋಡ್ತಾರೆ ಸಾರ್?"

"ಯಾರೂ ನೋಡಲ್ಲ ಹಾಲಪ್ಪಾರೆ. ಅದೇ ನೋಡ್ಕಂತೈತೆ."

"ಅದಕ್ಕೆ ಹೆಂಗೆ ಗೊತ್ತಾಗ್ತೈತೆ ಸಾರ್, ಹುಡುಗ ಬಂದಿಲ್ಲ ಅಂತ?"

"ನೀವು ಹೇಳಿದ್ರೆ ಗೊತ್ತಾಗ್ತೈತೆ. ನೀವು ಹೇಳದಿದ್ರೆ ಅದೂ ನಮ್ಮಂಗೇ."

ಈ ಮಾತು ಆಗ ನನಗೆ ತಮಾಷೆಯಾಗಿ ಕಂಡಿತ್ತು.

ಮಳೆಗಾಲದಲ್ಲಿ ಹತ್ತನೇ ಕ್ಲಾಸಿನ ಮಂಜನ ಹೆಸರು ಕೆಂಪಾಯಿತು. ಮೇಡಂ ಫೋನಿಗೆ ಸುದ್ದಿ ಬಂತು. ಬಸವರಾಜ ಮೇಷ್ಟ್ರಿಗೆ ಮನೆ ಗೊತ್ತಿರಲಿಲ್ಲ, ನನ್ನ ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೋದೆ. ಕೆಳಗಿನ ಕೇರಿಯ ಕೊನೆಯ ಸಾಲು. ಮೇಷ್ಟ್ರು ಬಂದದ್ದು ನೋಡಿ ಮಂಜನ ಅವ್ವ ಮೂಲೆಯ ಅಂಗಡಿಗೆ ಓಡಿಹೋಗಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದಳು. ಸೆರಗಿನಿಂದ ಒರೆಸಿ ಅಂಗಳದಲ್ಲಿ ಹಾಕಿದಳು. ಮೇಷ್ಟ್ರು ಕೂತರು. ಮಂಜನ ಅಪ್ಪ ಎದುರಿಗೆ ಕುಕ್ಕರಗಾಲಿನಲ್ಲಿ.

"ನಮ್ ಹುಡ್ಗ ಬರ್ತಿಲ್ಲ ಅಂತ ನಿಮ್ಗೆ ಯಾರ್ ಹೇಳಿದ್ರು ಸಾರ್?"

"ದಾವಣಗೆರೆಯಿಂದ ಫೋನಿಗೆ ಬಂತು."

ಅವನು ಬೆಪ್ಪಾಗಿ ಹೆಂಡತಿಯ ಮುಖ ನೋಡಿದ. "ನಮ್ ಮಂಜಂದಾ? ದಾವಣಗೆರಿಗೆ ಗೊತ್ತಾ?"

ಹುಡುಗ ನ್ಯಾಮತಿಯ ಟೈರಿನ ಅಂಗಡಿಯಲ್ಲಿ ಗಾಳಿ ತುಂಬುತ್ತಿದ್ದ. ಮೇಷ್ಟ್ರು ಗದರಲಿಲ್ಲ. ಮಳೆ ಬೆಳೆಯ ಮಾತಾಡಿದರು, ಜಗಳೂರಿನ ಈರುಳ್ಳಿಯ ಮಾತಾಡಿದರು, ಏಳುವಾಗ ಮಾತ್ರ "ಸೋಮವಾರ ಕಳ್ಸು. ಇಲ್ಲಾಂದ್ರೆ ಮತ್ತೆ ಬರ್ತೀನಿ. ನಂಗೇನು, ನಿಮ್ಮನೆ ಚಾ ಚೆನ್ನಾಗೈತೆ" ಎಂದರು. ಸೋಮವಾರ ಮಂಜ ಬಂದ. ಮನೆಯವರು ಹೇಳಿದರೆ ಕೇಳದ ಅಪ್ಪ, ಹೊರಗಿನವರೊಬ್ಬರು ಅಂಗಳದಲ್ಲಿ ಕೂತು ಹೇಳಿದ್ದಕ್ಕೆ ಕೇಳಿದ್ದ. ಟ್ಯಾಬಿನ ಒಂದು ಬಣ್ಣ ನಡೆದುಕೊಂಡು ಹೋಗಿ ಒಬ್ಬ ಹುಡುಗನನ್ನು ಕರೆತಂದದ್ದನ್ನು ನಾನು ಕಣ್ಣಾರೆ ಕಂಡೆ. ಮುಂದೆ ಮಾಡಿದ್ದು ಗೊತ್ತಿಲ್ಲದೆ ಮಾಡಿದ್ದಲ್ಲ ಎಂಬುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಆ ಸಂಜೆ ನಾವು ಹೊರಟಾಗ ಎದುರು ಮನೆಯ ಬಾಗಿಲಲ್ಲಿ ಚೈತ್ರ ನಿಂತಿದ್ದಳು. ಮಂಜನ ಕ್ಲಾಸೇ. ಗಣಿತದಲ್ಲಿ ಅವಳನ್ನು ಹಿಂದೆ ಹಾಕುವವರು ಇರಲಿಲ್ಲ. ಬೋರ್ಡಿನ ಮೇಲೆ ಲೆಕ್ಕ ಬಿಡಿಸಲು ಕರೆದರೆ ಚೂಡಿದಾರದ ತೋಳು ಮೇಲೇರಿಸಿಕೊಂಡು ಹೋಗುತ್ತಿದ್ದ ಹುಡುಗಿ.

"ಸಾರ್, ನಮ್ಮನೆಗೂ ಬರ್ರಿ!"

"ನೀನು ದಿನಾ ಬರ್ತೀಯಲ್ಲವ್ವ, ನಿಮ್ಮನೆಗ್ಯಾಕೆ ಬರ್ಲಿ?" ಎಂದು ಮೇಷ್ಟ್ರು ಮೊಪೆಡ್ ಹತ್ತಿದರು.

ಮುಂದಿನ ವಾರ ಮೇಡಂ ತಾಲ್ಲೂಕಿನ ಸಭೆಗೆ ಹೋಗಿ ಬಂದರು. ಅಲ್ಲಿ ಗೋಡೆಯ ಮೇಲೆ ಎಲ್ಲ ಶಾಲೆಗಳ ಬಣ್ಣ ಬಿಟ್ಟು ತೋರಿಸಿದ್ದರಂತೆ. ನಮ್ಮ ಶಾಲೆಯ ಎದುರು ಕೆಂಪು ಇತ್ತು. ಆ ಕೆಂಪಿನಿಂದ ಮಂಜ ವಾಪಸು ಬಂದ ಎಂಬುದನ್ನು ಯಾರೂ ಕೇಳಲಿಲ್ಲ. ಕೆಂಪು ಯಾಕೆ ಬಂತು ಎಂದು ಕೇಳಿದರು. ಮೇಡಂ ಬಂದವರೇ ನೀರು ಕುಡಿದು, "ಹಾಲಪ್ಪಾರೆ, ಸ್ವಲ್ಪ ನೋಡ್ಕಂಡು ಹಾಕ್ರಿ" ಎಂದರು.

ಅಷ್ಟೇ ಅಂದದ್ದು. ಸುಳ್ಳು ಹಾಕಿರಿ ಎನ್ನಲಿಲ್ಲ. ಆ ಮಾತಿನ ಹಿಂದೆ ಅಡಗಿಕೊಳ್ಳಲು ನಾನು ಬಹಳ ವರ್ಷ ನೋಡಿದ್ದೇನೆ. ಮೇಡಂ ಹೇಳಿದರು, ನಾನು ಹಾಕಿದೆ ಎಂದು. ಆದರೆ ಅವರು ಹೇಳಿದ ದಿನದಿಂದ ನಾನು ಸುಳ್ಳು ಹಾಕಲಿಲ್ಲ. ಸುಳ್ಳು ಶುರುವಾದದ್ದು ಬೇರೆ ದಿನ, ಬೇರೆ ಕಾರಣಕ್ಕೆ.

ಜಿಟಿಜಿಟಿ ಮಳೆಯ ಬೆಳಿಗ್ಗೆ. ಟ್ಯಾಂಕಿನ ಮೆಟ್ಟಿಲ ಹತ್ತಿರ ಕೊಡೆಯನ್ನು ಕುತ್ತಿಗೆಯಲ್ಲಿ ಸಿಕ್ಕಿಸಿಕೊಂಡು ನಿಂತಿದ್ದೆ. 'ಎಲ್ಲರೂ ಹಾಜರು' ಒತ್ತಿದೆ. ಬಾರದವರನ್ನು ತೆಗೆಯುವ ಮೊದಲೇ ಹನಿ ಬಿದ್ದು ಒದ್ದೆಯಾದ ಪರದೆ ತಾನೇ ಏನನ್ನೋ ಒತ್ತಿಕೊಂಡು ಹಾಜರಿ ಹೊರಟೇಹೋಯಿತು. ಆಗ ಪರದೆಯ ನಡುವೆ ಒಂದು ಹೂವು ಅರಳಿತು. ಹಳದಿ, ಸೇವಂತಿಗೆಯಂಥದ್ದು. ಒಂದೊಂದೇ ಎಸಳು ಬಿಚ್ಚಿಕೊಂಡು ಪರದೆ ತುಂಬಾ ಆಯಿತು. ಕೆಳಗೆ 'ಇಂದು ನಿಮ್ಮ ಶಾಲೆಯ ಹಾಜರಿ ಪೂರ್ಣ. ಅಭಿನಂದನೆಗಳು' ಎಂದು ಬಂತು.

ಅಷ್ಟು ದಿನ ಅದು ಅದರೊಳಗೆ ಇತ್ತು, ನನಗೆ ಗೊತ್ತೇ ಇರಲಿಲ್ಲ. ಎಲ್ಲ ಮಕ್ಕಳೂ ಬಂದ ದಿನ ನಮ್ಮ ಶಾಲೆಯಲ್ಲಿ ಬಂದೇ ಇರಲಿಲ್ಲವಲ್ಲ.

ಮರುದಿನ ಬಾರದವರು ಇಬ್ಬರೋ ಮೂವರೋ. ನಾಳೆ ಬರುತ್ತಾರೆ ಎಂದುಕೊಂಡೆ. ಹೂವು ಅರಳಿತು. ಒಂದು ದಿನ ಪರೀಕ್ಷೆ ಮಾಡಲೆಂದೇ ಸರಿಯಾಗಿ ಹಾಕಿದೆ. ಪರದೆ ಸುಮ್ಮನೆ ಬಿಳಿಯಾಗಿ ನಿಂತಿತು. ಏನೋ ಕಳೆದುಕೊಂಡ ಹಾಗೆ ಆಯಿತು. ನನಗೆ ಜೀವನದಲ್ಲಿ ಯಾರೂ 'ಅಭಿನಂದನೆಗಳು' ಎಂದು ಬರೆದು ಕೊಟ್ಟಿರಲಿಲ್ಲ. ಇದನ್ನು ಸಮಜಾಯಿಷಿ ಎಂದು ಹೇಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ. ದಸರೆಯ ಹೊತ್ತಿಗೆ ನಾನು ಕ್ಲಾಸುಗಳಿಗೆ ಹೋಗಿ ಯಾರು ಬಂದಿಲ್ಲ ಎಂದು ಕೇಳುತ್ತಿದ್ದೆ, ತಲೆಯಾಡಿಸುತ್ತಿದ್ದೆ, ಟ್ಯಾಂಕಿನ ಹತ್ತಿರ ಹೋಗಿ ಒಂದೇ ಗುಂಡಿ ಒತ್ತುತ್ತಿದ್ದೆ. ಒಂದು ದಿನ ತಾಲ್ಲೂಕಿನ ವಾಟ್ಸಾಪ್ ಗುಂಪಿನಲ್ಲಿ ನಮ್ಮ ಶಾಲೆಯ ಹೆಸರು ಎಲ್ಲಕ್ಕಿಂತ ಮೇಲೆ ಬಂತು, ಎದುರಿಗೆ ಚಪ್ಪಾಳೆ ತಟ್ಟುವ ಕೈಗಳು. ಮೇಡಂ ನನ್ನ ಕಡೆ ನೋಡಿ ನಕ್ಕರು. ಆ ಕೈಗಳನ್ನು ನಾನು ನಮ್ಮ ಊರಿನ ಗುಂಪಿಗೂ ಕಳಿಸಿದೆ.

ದಸರೆ ರಜೆ ಮುಗಿದು ಶಾಲೆ ತೆರೆದಾಗ ಚೈತ್ರ ಬರಲಿಲ್ಲ.

ಅವಳ ಅವ್ವ ಹೊಲದ ಬದುವಿನಿಂದ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಳು. ಜೋಳದ ತೆನೆ ಮುರಿಯುವ ಗುಂಪಿನಲ್ಲಿ ಅವಳ ಜಾಗಕ್ಕೆ ಅಪ್ಪ ಮಗಳನ್ನು ಹಾಕಿದ್ದ. ಟಾಟಾ ಏಸ್ ಗಾಡಿ ಬೆಳಿಗ್ಗೆ ಹೆಂಗಸರನ್ನು ತುಂಬಿಕೊಂಡು ಚನ್ನಗಿರಿ ಕಡೆಯ ಹೊಲಗಳಿಗೆ ಹೋಗುತ್ತಿತ್ತು, ಸರಿಯಾಗಿ ನಾನು ಗಂಟೆ ಹೊಡೆಯುವ ಹೊತ್ತಿಗೆ. ತಲೆಗೆ ಟವೆಲ್ ಸುತ್ತಿಕೊಂಡು ಅವಳು ಹಿಂದುಗಡೆ ಕೂತಿರುತ್ತಿದ್ದಳು. ಗಂಟೆ ಕೇಳಿ ಗೇಟಿನ ಕಡೆ ತಿರುಗುತ್ತಿದ್ದಳು. ನಾನು ಕೈ ಬೀಸುತ್ತಿದ್ದೆ. ಅವಳೂ ಬೀಸುತ್ತಿದ್ದಳು. ಆಮೇಲೆ ನಾನು ಹೋಗಿ ಅವಳನ್ನು ಹಸಿರು ಮಾಡುತ್ತಿದ್ದೆ.

ರಸ್ತೆಯುದ್ದಕ್ಕೂ ಜೋಳ ಒಣಗುತ್ತಿತ್ತು. ಆ ವರ್ಷ ಹಿಂಗಾರಿ ಮಳೆ ಬಿಟ್ಟು ಬಿಟ್ಟು ಬಂತು. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು. ಕ್ಲಾಸಿನ ಕಿಟಕಿಯವರೆಗೂ ಅದೇ ವಾಸನೆ.

ಬಸವರಾಜ ಮೇಷ್ಟ್ರು ಕೇಳದೆ ಇರಲಿಲ್ಲ. ಸಿಬ್ಬಂದಿ ಕೋಣೆಯಲ್ಲಿ ಚಹಾ ಕೊಡುವಾಗ ಮೇಡಂಗೆ ಹೇಳಿದ್ದು ನಾನೇ ಕೇಳಿಸಿಕೊಂಡೆ. "ಚೈತ್ರ ಬರ್ತಾ ಇಲ್ಲ ಮೇಡಂ. ಒಂದ್ಸಲ ಮನೆಗೆ ಹೋಗಿ ಬರ್ಬೇಕು." ಮೇಡಂ ಫೋನು ನೋಡಿ, "ಹಳದಿನೂ ಬಂದಿಲ್ವಲ್ಲ ಸಾರ್. ನಡುವೆ ಬಂದು ಹೋಗ್ತಿರಬೇಕು. ಕೆಂಪು ಬಂದ್ರೆ ಹೋಗಾಣ ಬಿಡ್ರಿ" ಎಂದರು. ಮೇಷ್ಟ್ರು ಹೋಗುತ್ತಿದ್ದರೇನೋ. ಅಷ್ಟರಲ್ಲಿ ಅವರ ಮೇಲೆಯೇ ಒಂದು ಆದೇಶ ಬಂತು.

ಮಕ್ಕಳ ಬಣ್ಣ ನೋಡುವ ಯಂತ್ರವೇ ಮೇಷ್ಟ್ರುಗಳ ಲೆಕ್ಕವನ್ನೂ ನೋಡುತ್ತಿತ್ತಂತೆ. ಎಲ್ಲಿ ಕೆಂಪು ಹೆಚ್ಚೋ ಅಲ್ಲಿಗೆ ಹಸಿರಿನ ಶಾಲೆಯಿಂದ ಮೇಷ್ಟ್ರನ್ನು ನಿಯೋಜನೆ ಮೇಲೆ ಕಳಿಸಬೇಕು. ನಮ್ಮ ಶಾಲೆ ತಿಂಗಳುಗಳಿಂದ ಹಸಿರು. ಹೊನ್ನಾಳಿ ತಾಲ್ಲೂಕಿನ ಒಂದು ಶಾಲೆಯಲ್ಲಿ ಗಣಿತಕ್ಕೆ ಯಾರೂ ಇರಲಿಲ್ಲ, ಮಕ್ಕಳು ಕೆಂಪು. ಪರೀಕ್ಷೆ ಮುಗಿಯುವವರೆಗೆ ಬಸವರಾಜ ಮೇಷ್ಟ್ರು ಅಲ್ಲಿಗೆ.

ಯಂತ್ರದ ತಪ್ಪೇನೂ ಇರಲಿಲ್ಲ. ನಾನು ಹೇಳಿದ್ದನ್ನು ಅದು ನಂಬಿತ್ತು.

ಹೊರಟ ದಿನ ಮೇಷ್ಟ್ರು ಚೀಲ ಹೆಗಲಿಗೆ ಹಾಕಿಕೊಂಡು ಟ್ಯಾಂಕಿನ ಹತ್ತಿರ ಬಂದರು. ನಾನು ಆಗಷ್ಟೇ ಒತ್ತಿದ್ದೆ. ಹೂವು ಅರಳುತ್ತಿತ್ತು. ಟ್ಯಾಬನ್ನು ಎದೆಗೆ ಅವುಚಿಕೊಂಡೆ, ಆದರೆ ಅವರು ನೋಡಿದ್ದರು.

"ಹಾಲಪ್ಪಾರೆ, ಇಷ್ಟು ಹಸಿರು ನಮ್ ಜಗಳೂರು ಹೊಲದಾಗೆ ಶ್ರಾವಣದಾಗೂ ನೋಡಿಲ್ಲ ಕಣ್ರಿ."

ನಾನು ನಕ್ಕೆ. ಅವರು ನಗಲಿಲ್ಲ. ಬಸ್ಸಿನ ಹಾರ್ನು ಕೇಳಿ, "ಆ ಹುಡುಗಿ ಮನೆ ಕಡೆ ಹೋದ್ರೆ ಸ್ವಲ್ಪ ಹೇಳ್ರಿ" ಎಂದು ಜೋಳದ ಸಾಲುಗಳ ಪಕ್ಕದಲ್ಲಿ ನಡೆದು ಹೋದರು. ನಾನು ಆ ಕೇರಿಯ ಕಡೆ ಹೋಗಲಿಲ್ಲ. ಸೊಸೈಟಿಗೆ ಹೋಗುವುದಿದ್ದರೂ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಚೈತ್ರ ಬಂದಳು. ಕೈಯ ಚರ್ಮ ಒರಟಾಗಿತ್ತು, ಬೆರಳ ಸಂದಿ ಸೀಳಿತ್ತು. ಗಣಿತಕ್ಕೆ ಆಗ ಯಾರೂ ಇರಲಿಲ್ಲ. ಇಂಗ್ಲಿಷ್ ಮೇಷ್ಟ್ರು ಹಳೆಯ ಪ್ರಶ್ನೆಪತ್ರಿಕೆ ಬರೆಸುತ್ತಿದ್ದರು. ಅವಳು ಬೋರ್ಡಿನ ಹತ್ತಿರ ಹೋದದ್ದನ್ನು ನಾನು ಮತ್ತೆ ನೋಡಲಿಲ್ಲ.

ಹಾಜರಿ ಕಡಿಮೆ ಇದ್ದವರಿಗೆ ಪರೀಕ್ಷೆಗೆ ಕೂರಲು ಬಿಡುವುದಿಲ್ಲ ಎಂದು ಊರಲ್ಲೆಲ್ಲ ಗುಲ್ಲಾಗಿತ್ತು. ಚೈತ್ರಳ ಹಾಲ್ ಟಿಕೆಟ್ ಮಾತ್ರ ಏನೂ ತೊಂದರೆಯಿಲ್ಲದೆ ಬಂತು. ಅದನ್ನು ಕೊಟ್ಟ ದಿನ ಸಂಜೆ ಅವಳ ಅವ್ವ ನಮ್ಮ ಮನೆ ಹುಡುಕಿಕೊಂಡು ಬಂದಳು. ವಾಸಿಯಾದ ಕೈ ಇನ್ನೂ ಸೊಟ್ಟಗಿತ್ತು. ಇನ್ನೊಂದು ಕೈಯಲ್ಲಿ ಹೊಸ ಹುಣಸೆಹಣ್ಣಿನ ಚೀಲ.

"ನೀವು ದೊಡ್ಡ ಮನಸ್ಸು ಮಾಡಿ ಹಾಜ್ರಿ ಹಾಕಿದ್ರಂತೆ ಹಾಲಪ್ಪಣ್ಣ. ಇಲ್ಲಾಂದ್ರೆ ನನ್ ಮಗಳು ಪರೀಕ್ಷೆ ಬರ್ಯಾಕೆ ಆಗ್ತಿರಲಿಲ್ಲ."

ಮಕ್ಕಳಿಗೆ ಹೇಗೋ ಗೊತ್ತಾಗಿತ್ತು. ಮಕ್ಕಳಿಗೆ ಎಲ್ಲವೂ ಗೊತ್ತಾಗುತ್ತದೆ. ಆಗ ನಾನು ಬಾಯಿಬಿಡಬೇಕಿತ್ತು. ನಾನು ಹೇಳಿದ್ದು, "ಇರ್ಲಿ ಬಿಡವ್ವ, ನಮ್ಮೂರ ಹುಡುಗಿ." ಹೆಂಡತಿ ಚೀಲ ಒಳಗೆ ಒಯ್ದಳು.

ಚೈತ್ರ ಗಣಿತವೊಂದರಲ್ಲಿ ಫೇಲಾದಳು. ಫಲಿತಾಂಶ ಬಂದ ದಿನ ಅದೇ ಮೆಟ್ಟಿಲ ಹತ್ತಿರ ನಿಂತು ಅವಳ ನಂಬರು ಒತ್ತಿ ನೋಡಿದ್ದು ನಾನೇ. ಮಂಜ ಪಾಸಾಗಿದ್ದ. ಅವಳು ಮರುಪರೀಕ್ಷೆಗೆ ಕೂರಲಿಲ್ಲ, ಮತ್ತೆ ಕೂಲಿಗೆ ಹೋದಳು, ಕೆಲವು ವರ್ಷದ ಮೇಲೆ ನಮ್ಮ ಊರಿನಲ್ಲೇ ಮದುವೆಯಾದಳು. ನಾನು ನಿವೃತ್ತನಾದೆ. ಆ ಹುಣಸೆಹಣ್ಣು ಕಪ್ಪಾಗುವವರೆಗೂ ನಮ್ಮ ಮನೆಯ ಸಾರಿಗೆ ಬೀಳುತ್ತಲೇ ಇತ್ತು. ನಾನು ಉಣ್ಣುತ್ತಲೇ ಇದ್ದೆ.

ಈ ಜೂನಿನಿಂದ ಚೈತ್ರ ಅದೇ ಶಾಲೆಯ ಬಿಸಿಯೂಟದ ಅಡುಗೆಗೆ ಬರುತ್ತಿದ್ದಾಳೆ ಎಂದು ಮೊಮ್ಮಗಳು ಹೇಳಿದ್ದಳು. ಅತ್ತೆಗೆ ಮೊಣಕಾಲು ನೋವಾಗಿ ಅವರ ಜಾಗಕ್ಕೆ ಬಂದದ್ದು. ಮೊಮ್ಮಗಳನ್ನು ಎಂಟನೇ ಕ್ಲಾಸಿಗೆ ಸೇರಿಸಿದ ಮೇಲೆ ನಾನು ಒಮ್ಮೆಯೂ ಶಾಲೆಯ ಕಡೆ ಬಾರದಿದ್ದಕ್ಕೆ ಕಾರಣ ಅದೇ. ಸಭೆಯ ದಿನ ಮಗ ಸೊಸೆ ಇಬ್ಬರಿಗೂ ಬಿಡುವಿರಲಿಲ್ಲ. ಬರಲೇಬೇಕಾಯಿತು.

ಸಭೆಯಲ್ಲಿ ಈಗಿನ ಹೆಡ್ಮಾಸ್ಟರು ಗೋಡೆಯ ದೊಡ್ಡ ಟಿವಿಯ ಮೇಲೆ ಮಕ್ಕಳ ಅಂಕ, ಹಾಜರಿ ಎಲ್ಲ ತೋರಿಸಿದರು. ಈಗ ಮೇಷ್ಟ್ರುಗಳು ಬಂದೊಡನೆ ಫೋನಿಗೆ ಮುಖ ತೋರಿಸಬೇಕಂತೆ. ಬಣ್ಣಗಳು ಮಾತ್ರ ಅವೇ. ನನ್ನ ಮೊಮ್ಮಗಳು ಹಸಿರು. ಪಕ್ಕದಲ್ಲಿದ್ದವರು ಬೆನ್ನು ತಟ್ಟಿದರು. ನನಗೆ ಹಸಿರು ನೋಡಿದರೆ ನಂಬಿಕೆ ಬರುವುದಿಲ್ಲ, ಅದನ್ನು ಅಲ್ಲಿ ಹೇಗೆ ಹೇಳಲಿ?

ಸಭೆ ಮುಗಿದಾಗ ಊಟದ ಹೊತ್ತು. ಹೊರಗೆ ಮಕ್ಕಳು ಸಾಲು ನಿಂತಿದ್ದರು. ಗೇಟಿನ ಕಡೆ ಸರಸರನೆ ನಡೆದೆ.

"ಹಾಲಪ್ಪಣ್ಣಾ! ಓಡಿ ಹೋಗಬ್ಯಾಡ್ರಿ. ನನ್ ಸಾರು ಅಷ್ಟು ಕೆಟ್ಟದಾಗಿರಲ್ಲ."

ಮೈ ತುಂಬಿಕೊಂಡಿದ್ದಳು. ತೋಳು ಮೇಲೇರಿಸುವ ಅಭ್ಯಾಸ ಮಾತ್ರ ಹಾಗೇ ಇತ್ತು. ಅಡುಗೆಕೋಣೆಯ ಕಟ್ಟೆಯ ಮೇಲೆ ಕೂರಿಸಿ ತಟ್ಟೆ ಕೊಟ್ಟಳು. ಸಾರಿನ ವಾಸನೆಗೆ ನನಗೆ ಹುಣಸೆಹಣ್ಣಿನ ಚೀಲವೇ ಕಣ್ಣೆದುರು ಬಂತು. ಮಕ್ಕಳೆಲ್ಲ ಬಡಿಸಿಕೊಂಡು ಮರದಡಿಗೆ ಹೋದರು. ನಾನು ಕಲಸಿದ ಅನ್ನ ಕಲಸುತ್ತಲೇ ಇದ್ದೆ.

"ಚೈತ್ರವ್ವ, ಆವತ್ತು ನಿಂಗೆ ಹಾಜ್ರಿ ಹಾಕಿದ್ದು ನಿಂಗೋಸ್ಕರ ಅಲ್ಲ."

"ಮತ್ತೆ ಯಾರಿಗೋಸ್ಕರ?"

"ಟ್ಯಾಬಿನಾಗೆ ಒಂದು ಹೂವು ಬರ್ತಿತ್ತು. ಎಲ್ರಿಗೂ ಹಾಜ್ರಿ ಹಾಕಿದ್ರೆ ಅರಳೋದು. ಅದನ್ನ ನೋಡಾಕೆ."

ಅವಳು ಸೌಟು ಹಿಡಿದೇ ನನ್ನನ್ನು ನೋಡಿದಳು. ಗೇಲಿ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು, ನಗು ಬಂದು ತುಟಿಯ ಹತ್ತಿರವೇ ನಿಂತಿತು.

"ಎಂಥಾ ಹೂವು?"

"ಸೇವಂತಿಗೆ ಇದ್ದಂಗೆ."

"ಮುಡಿಯಾಕೂ ಬರಲ್ವಲ್ರೀ ಅದು" ಎಂದಳು. ಸಾರನ್ನೊಮ್ಮೆ ತಿರುವಿ ಕೇಳಿದಳು, "ಹಾಕದೇ ಇದ್ದಿದ್ರೆ?"

"ಕೆಂಪು ಬರ್ತಿತ್ತು. ಬಸವರಾಜ ಮೇಷ್ಟ್ರು ನಿಮ್ಮನೆಗೆ ಬರ್ತಿದ್ರು. ಅವರನ್ನ ಹೊನ್ನಾಳಿ ಕಡೆಗೂ ಕಳಿಸ್ತಿರಲಿಲ್ಲ."

ಅವಳು ಸೌಟನ್ನು ಪಾತ್ರೆಯ ಅಂಚಿಗೆ ನಿಧಾನ ಒರಗಿಸಿದಳು. ತಲೆ ತಗ್ಗಿಸಿಯೇ ಮಾತಾಡಿದಳು.

"ನಾವು ಕಾಯ್ತಿದ್ವಿ ಹಾಲಪ್ಪಣ್ಣ. ಮಂಜನ ಮನೆಗೆ ಬಂದಂಗೆ ನಮ್ಮನೆಗೂ ಬರ್ತಾರೆ ಅಂತ. ಅಪ್ಪ ಅವ್ವನ ಮಾತು ಕೇಳ್ತಿರಲಿಲ್ಲ, ಮೇಷ್ಟ್ರು ಬಂದು ಹೇಳಿದ್ರೆ ಕೇಳ್ತಿದ್ದ. ಅವ್ವ ಆ ಮುರಿದ ಕೈಯಾಗೇ ಸಂಜೆ ಅಂಗಡಿಯಿಂದ ಕುರ್ಚಿ ತಂದು ಅಂಗಳದಾಗೆ ಹಾಕ್ತಿದ್ಲು. ಕತ್ತಲಾದ್ಮೇಲೆ ಅಂಗಡಿಯವನು ಬೈಕಂಡು ಒಯ್ತಿದ್ದ. ಎಷ್ಟೋ ದಿನ ಹಂಗೇ. ಆಮೇಲೆ ತರೋದು ಬಿಟ್ಲು. ನಾನು ಅಷ್ಟು ಬೇಕಾದೋಳಲ್ಲ ಅಂದ್ಕಂಡೆ."

ತಪ್ಪಾಯಿತು ಎಂದೆ. ಅದು ನನಗೇ ಕೇಳಿಸಲಿಲ್ಲ. ಅವಳು ಎದ್ದು ಹೋಗಿ ಗೋಡೆಯ ಬದಿಯ ತಟ್ಟೆಗಳ ಮುಂದೆ ನಿಂತಳು. ದಾನಿಗಳು ಕೊಟ್ಟ ಸ್ಟೀಲ್ ತಟ್ಟೆಗಳು, ಒಂದೊಂದರ ಅಂಚಿಗೂ ಮಗುವಿನ ಹೆಸರು ಚುಕ್ಕಿಯಲ್ಲಿ ಕೊರೆಸಿದೆ. ಬಂದವರು ತಮ್ಮ ತಮ್ಮ ತಟ್ಟೆ ಒಯ್ದಿದ್ದರು. ಕೆಲವು ಉಳಿದಿದ್ದವು. ಅವುಗಳಲ್ಲಿ ಒಂದನ್ನು ಎತ್ತಿ ಬೆರಳಿನಿಂದ ಧೂಳು ಒರೆಸಿದಳು.

"ಪವಿತ್ರಂದು. ಎಂಟನೇ ಕ್ಲಾಸು, ನಿಮ್ ಮೊಮ್ಮಗಳ ಜತಿ. ಜೋಳ ಶುರುವಾದಾಗಿಂದ ಈ ತಟ್ಟೆ ಎದ್ದಿಲ್ಲ."

"ಟ್ಯಾಬಿನಾಗೆ ಹಾಕಿರ್ತಾರಲ್ಲ."

"ಅದ್ರಾಗೆ ಕೆಂಪೈತೋ ಹಸಿರೈತೋ ನಂಗೊತ್ತಿಲ್ಲ. ತಟ್ಟೆ ಇಲ್ಲೈತೆ." ಅದನ್ನು ನನ್ನ ಪಕ್ಕದಲ್ಲಿಟ್ಟಳು. "ಮೇಷ್ಟ್ರುಗಳು ಬಸ್ಸು ಹಿಡಿಯೋರು. ನೀವು ಊರಾಗಿರೋರು, ಗಾಡಿ ಐತೆ. ಊಟ ಮಾಡಿ ಹೋಗಿ ಬರ್ರಿ."

ಕೈ ತೊಳೆದು ಎದ್ದೆ. ತಟ್ಟೆಯನ್ನು ಮೊಪೆಡ್ಡಿನ ಮುಂದಿನ ಚೀಲದಲ್ಲಿ ಹಾಕಿಕೊಂಡೆ. ಯಾಕೆ ಹಾಕಿಕೊಂಡೆನೋ, ಕೈ ಬೀಸಿಕೊಂಡು ಹೋಗಲು ಮನಸ್ಸಾಗಲಿಲ್ಲ. ಕೆಳಗಿನ ಕೇರಿಯ ದಾರಿಯಲ್ಲಿ ಅಷ್ಟು ವರ್ಷದ ಮೇಲೆ ಗಾಡಿ ತಿರುಗಿಸಿದೆ. ಅಲ್ಲಿಯೂ ಮನೆ ಮುಂದೆಲ್ಲ ಜೋಳ, ಅದೇ ವಾಸನೆ. ಪವಿತ್ರಳ ಅಪ್ಪ ಅಂಗಳದಲ್ಲಿ ತಾಡಪಾಲಿನ ತೂತಿಗೆ ತೇಪೆ ಹಾಕುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಹುಡುಗಿ ಬಾಗಿಲ ಹಿಂದಿನಿಂದ ಇಣುಕಿ, ಚೀಲದಿಂದ ಹೊರಗೆ ಇಣುಕುತ್ತಿದ್ದ ತನ್ನ ತಟ್ಟೆಯನ್ನು ಗುರುತು ಹಿಡಿದಳು.

"ಏನ್ ಹಾಲಪ್ಪಣ್ಣ, ಈ ಕಡೆ? ಯಾರ್ ಕಳ್ಸಿದ್ರು?"

ದಾವಣಗೆರೆಯಿಂದ ಎನ್ನಲು ನನ್ನಲ್ಲಿ ಏನೂ ಇರಲಿಲ್ಲ.

"ನಿನ್ ಮಗಳ ತಟ್ಟೆ ಉಳಿದಿತ್ತಪ್ಪ" ಎಂದೆ.

ಅವನ ಹೆಂಡತಿ ಒಳಗಿನಿಂದ ಬಂದವಳು ನನ್ನ ಮುಖ ನೋಡಿ, ತಟ್ಟೆ ನೋಡಿ, ಏನೂ ಕೇಳದೆ ಪಕ್ಕದ ಮನೆಗೆ ಹೋದಳು. ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಬಂದು ಜೋಳದ ಮಗ್ಗುಲಲ್ಲಿ ಹಾಕಿದಳು. ಸೆರಗಿನಿಂದ ಒರೆಸಿದಳು.

"ಕೂತ್ಕಳ್ರಿ" ಎಂದಳು.

ಕೂತೆ.